ಡಬಲ್ ಕ್ಲಿಕ್ ಮಾಡಿದ್ರೆ ಯಾರು ಬರ್ತಾರೆ? ಡಿಫಾಲ್ಟ್ ಆ್ಯಪ್ಸ್ ವಿಂಡೋನ ಸರಳ ಮಾಡೋಕೆ ಹೋದ ಕಥೆ

(ಹೋದ ತಿಂಗ್ಳು ಒಂದು ಮೀಟಪ್‌ನಲ್ಲಿ ಮಾತಾಡಿದ್ದು ಇದು. ರೆಕಾರ್ಡಿಂಗ್‌ನಲ್ಲಿ ಮೊದಲ ಹತ್ತು ನಿಮಿಷ ಮೈಕೇ ಆನ್ ಆಗಿರ್ಲಿಲ್ವಂತೆ, ಬರ್ದು ಹಾಕಿ ಅಂತ ಸುಮಾರು ಜನ ಕೇಳಿದ್ರು, ಹಾಗಾಗಿ ನೆನಪಿದ್ದಷ್ಟು ಬರೀತಿದೀನಿ. ಮಾತಾಡಿದ ಹಾಗೇ ಬಿಟ್ಟಿದೀನಿ, ವ್ಯಾಕರಣ ಹುಡುಕ್ಬೇಡಿ.)

ಎಲ್ರಿಗೂ ನಮಸ್ಕಾರ. ಊಟ ಆದ್ಮೇಲಿನ ಸ್ಲಾಟ್ ಕೊಟ್ಟಿದಾರೆ, ವಿಷಯ ನೋಡಿದ್ರೆ ಸೆಟ್ಟಿಂಗ್ಸ್ ವಿಂಡೋ, ಯಾರಾದ್ರೂ ತೂಕಡಿಸಿದ್ರೆ ನಾನೇನೂ ಬೇಜಾರ್ ಮಾಡ್ಕೊಳ್ಳಲ್ಲ.

ಮೊದ್ಲು ಒಂದು ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿ ಡಿಫಾಲ್ಟ್ ಆ್ಯಪ್ಸ್, ಅಂದ್ರೆ ಯಾವ ಥರದ ಫೈಲ್ ಯಾವ ಪ್ರೋಗ್ರಾಂನಲ್ಲಿ ತೆರ್ಕೊಳ್ಬೇಕು ಅನ್ನೋ ಸೆಟ್ಟಿಂಗ್, ತೆಗ್ದು ನೋಡಿದೋರು ಕೈ ಎತ್ತಿ. (ಅರ್ಧಕ್ಕಿಂತ ಜಾಸ್ತಿ ಕೈ ಎದ್ದವು.) ಸರಿ, ಈಗ ಏನೂ ಕೆಡದೇ ಇದ್ದಾಗ, ಸುಮ್ನೆ, ಯಾವುದು ಯಾವುದ್ರಲ್ಲಿ ತೆರ್ಕೊಳ್ಳತ್ತೆ ನೋಡಿ ಆರಿಸ್ಕೊಳ್ಳೋಣ ಅಂತ ಸಾವಧಾನವಾಗಿ ತೆಗ್ದೋರು? (ಒಂದೇ ಕೈ. ಅದೂ ನಮ್ ಜೊತೆ ಕೆಲ್ಸ ಮಾಡಿದೋರೇ.)

ಇಷ್ಟೇ ನೋಡಿ ವಿಷಯ. ಈ ವಿಂಡೋನ ಡಿಸೈನ್ ಮಾಡಿದೋರು ಎಲ್ರೂ, ಲಿನಕ್ಸ್‌ಗೆ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಇದನ್ನ ಮಾಡಿದ ನಮ್ಮನ್ನೂ ಸೇರ್ಸಿ, ಇದು ಆರಿಸ್ಕೊಳ್ಳೋ ಜಾಗ ಅಂದ್ಕೊಂಡಿದ್ರು. ಆದ್ರೆ ಇಲ್ಲಿಗೆ ಜನ ಬರೋದು ಏನೋ ಕೆಟ್ಟೋದ್ಮೇಲೆ, ಸಿಟ್ಟಲ್ಲಿ ಬರ್ತಾರೆ, ನಿನ್ನೆ ತನಕ ಸರಿಯಾಗಿದ್ದಿದ್ದು ಇವತ್ತು ಬೇರೆ ಯಾವುದ್ರಲ್ಲೋ ತೆರ್ಕೊಳ್ತಿದೆ ಅಂತ ಬರ್ತಾರೆ. ಅಂಗಿ ಆರಿಸೋಕೆ ಬಂದಿರೋರಿಗೂ ಹರಿದಿರೋ ಅಂಗಿ ಹಿಡ್ಕೊಂಡು ದರ್ಜಿ ಹತ್ರ ಬಂದಿರೋರಿಗೂ ಇರೋಷ್ಟು ವ್ಯತ್ಯಾಸ ಅದು. ನಮಗೆ ಇದು ಅರ್ಥ ಆಗೋಕೆ ಎರಡು ಡಿಸೈನ್ ಹಾಳಾಗ್ಬೇಕಾಯ್ತು.

ನಂಗೆ ಈ ತಲೆನೋವು ಶುರುವಾಗಿದ್ದು ನಮ್ ಚಿಕ್ಕಪ್ಪನಿಂದ. ಅವರಿಗೆ ನಾನೇ ಲಿನಕ್ಸ್ ಹಾಕ್ಕೊಟ್ಟಿದ್ದೆ. ಒಂದಿನ ಫೋನ್ ಮಾಡಿ, "ಲೋ, ಪಿಡಿಎಫ್ ಒತ್ತಿದ್ರೆ ಎಷ್ಟು ಪುಟ ಇಂಪೋರ್ಟ್ ಮಾಡ್ಬೇಕು, ರೆಸಲ್ಯೂಶನ್ ಎಷ್ಟು ಅಂತೆಲ್ಲ ಕೇಳ್ತಿದೆ ಕಣೋ, ನಾನು ಓದ್ಬೇಕು ಅಷ್ಟೇ" ಅಂದ್ರು. ನೋಡಿದ್ರೆ ಪಿಡಿಎಫ್ ಎಲ್ಲ ಹೋಗಿ ಒಂದು ಚಿತ್ರ ತಿದ್ದೋ ಪ್ರೋಗ್ರಾಂನಲ್ಲಿ ತೆರ್ಕೊಳ್ತಿದೆ. ಏನ್ ಚಿಕ್ಕಪ್ಪ ಸೆಟ್ಟಿಂಗ್ ಏನಾದ್ರೂ ಬದಲಾಯಿಸಿದ್ರಾ ಅಂದೆ. "ನಾನೇನೂ ಮುಟ್ಟಿಲ್ಲ ಕಣೋ." ಎಲ್ರೂ ಹೀಗೇ ಹೇಳೋದು ಅಂತ ಮನಸಲ್ಲೇ ನಕ್ಕೆ. ಆಮೇಲೆ ಗೊತ್ತಾಯ್ತು, ಅವರು ಹೇಳಿದ್ದು ಅಕ್ಷರಶಃ ನಿಜ. ಅವರು ಮುಟ್ಟಿರ್ಲಿಲ್ಲ. ಯಾರೂ ಮುಟ್ಟಿರ್ಲಿಲ್ಲ. ಅದು ಹೇಗೆ ಅಂತ ಹೇಳೋಕೆ ಸ್ವಲ್ಪ ಒಳಗಡೆ ಹೋಗ್ಬೇಕು.

ನೀವು ಒಂದು ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡ್ತೀರ. ಸಿಸ್ಟಮ್‌ಗೆ ಮೊದ್ಲು ಇದು ಏನು ಅಂತ ಗೊತ್ತಾಗ್ಬೇಕು. ಹೆಸರಿನ ಬಾಲ ನೋಡತ್ತೆ, ಡಾಟ್ ಪಿಡಿಎಫ್, ಡಾಟ್ ಪಿಎನ್‌ಜಿ ಹೀಗೆ, ಬಾಲದಿಂದ ಗೊತ್ತಾಗ್ಲಿಲ್ಲ ಅಂದ್ರೆ ಫೈಲ್ ಒಳಗಿನ ಮೊದಲ ಕೆಲವು ಬೈಟ್ ನೋಡತ್ತೆ, ಪಿಡಿಎಫ್ ಆದ್ರೆ ಶುರುವಲ್ಲೇ ಒಂದು ಶೇಕಡಾ ಚಿಹ್ನೆ ಹಾಕಿ ಪಿಡಿಎಫ್ ಅಂತ ಬರ್ದಿರತ್ತೆ. ಹೀಗೆ ನೋಡಿ ಅದಕ್ಕೊಂದು ಮೈಮ್ ಟೈಪ್ ಅಂತ ಹೆಸರು ಕೊಡತ್ತೆ. ಈ ಮೈಮ್ ಅನ್ನೋದು 1992ರಲ್ಲಿ ಇಮೇಲ್‌ಗೆ ಅಂತ ಮಾಡಿದ್ದು. ಆಗ ಮೇಲ್ ಅಂದ್ರೆ ಬರೀ ಅಕ್ಷರ, ಚಿತ್ರ ಕಳ್ಸಿದ್ರೆ ಇದು ಚಿತ್ರ ಅಂತ ಆಚೆ ಕಡೆಯವರಿಗೆ ಹೇಳೋಕೆ ಮೇಲೊಂದು ಚೀಟಿ ಅಂಟಿಸ್ಬೇಕಿತ್ತು, ಆ ಚೀಟಿನೇ ಇದು. ಅದೇ ಚೀಟಿ ವೆಬ್‌ಗೆ ಬಂತು, ಆಮೇಲೆ ಡೆಸ್ಕ್‌ಟಾಪ್‌ಗೂ ಬಂತು.

ಇನ್ನೊಂದು ಕಡೆ ಪ್ರತಿ ಆ್ಯಪ್‌ಗೂ ಒಂದು ಡಾಟ್ ಡೆಸ್ಕ್‌ಟಾಪ್ ಫೈಲ್ ಇರತ್ತೆ, ಅದ್ರಲ್ಲಿ ಅದು "ನಾನು ಇಂತಿಂಥಾ ಟೈಪ್‌ಗಳನ್ನ ತೆರೀಬಲ್ಲೆ" ಅಂತ ತಾನೇ ಹೇಳ್ಕೊಂಡಿರತ್ತೆ. ಗಮನಿಸಿ, ಬಲ್ಲೆ ಅಂತ ಅಷ್ಟೇ. ಎಷ್ಟು ಚೆನ್ನಾಗಿ ತೆರೀಬಲ್ಲೆ, ಅದು ನನ್ನ ಮುಖ್ಯ ಕೆಲ್ಸಾನಾ ಇಲ್ಲ ಉಪಕಸುಬಾ, ಅದನ್ನೆಲ್ಲ ಹೇಳೋಕೆ ಅಲ್ಲಿ ಜಾಗವೇ ಇಲ್ಲ. ಪಿಡಿಎಫ್ ಓದೋಕಂತಲೇ ಹುಟ್ಟಿರೋ ಪ್ರೋಗ್ರಾಂಗೂ, ಪಿಡಿಎಫ್‌ನ ಚಿತ್ರ ಮಾಡಿ ಒಳಗೆ ಎಳ್ಕೊಳ್ಳೋ ಪ್ರೋಗ್ರಾಂಗೂ, ಆ ಸಾಲಲ್ಲಿ ಒಂದೇ ಬೆಲೆ.

ಯಾವ ಟೈಪ್‌ಗೆ ಯಾವುದು ಡಿಫಾಲ್ಟ್ ಅನ್ನೋದು ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್ ಅನ್ನೋ ಫೈಲಲ್ಲಿರತ್ತೆ. ಅದೂ ಒಂದೇ ಕಡೆ ಇದ್ರೆ ಪುಣ್ಯ. ನಿಮ್ಮ ಹೋಮ್ ಫೋಲ್ಡರ್‌ನ ಕಾನ್ಫಿಗ್ ಒಳಗೊಂದು, ಅದ್ರ ಹಳೇ ಜಾಗದಲ್ಲಿ ಇನ್ನೊಂದು, ಸಿಸ್ಟಮ್‌ಗೆ ಒಂದು, ಡಿಸ್ಟ್ರೋದವರು, ಅಂದ್ರೆ ಲಿನಕ್ಸ್‌ನ ಜೋಡಿಸಿ ಹಂಚೋರು, ಹಾಕಿದ್ದು ಒಂದು, ಮೇಲಿಂದ ಡೆಸ್ಕ್‌ಟಾಪ್ ಹೆಸರು ಅಂಟಿಸ್ಕೊಂಡಿರೋದು ಬೇರೆ, ಲಿನಕ್ಸಲ್ಲಿ ಡೆಸ್ಕ್‌ಟಾಪ್ ಅಂದ್ರೆ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಹೀಗೆ ಹಲವು, ಹಾಗಾಗಿ ಗ್ನೋಮ್‌ನಲ್ಲಿ ಲಾಗಿನ್ ಆದ್ರೆ ಒಂದು ಉತ್ತರ, ಕೆಡಿಇನಲ್ಲಿ ಆದ್ರೆ ಇನ್ನೊಂದು ಉತ್ತರ ಬರ್ಬೋದು. ಇವನ್ನೆಲ್ಲ ಒಂದು ಕ್ರಮದಲ್ಲಿ ಹುಡುಕತ್ತೆ, ಮೊದ್ಲು ಸಿಕ್ಕಿದ್ದು ಗೆದ್ದ ಹಾಗೆ.

ಈಗ ಮುಖ್ಯ ವಿಷಯ. ಈ ಯಾವ ಫೈಲಲ್ಲೂ ಏನೂ ಬರ್ದಿಲ್ಲ ಅಂದ್ರೆ? ಆಗ ಸಿಸ್ಟಮ್ ಆ ಟೈಪ್ ತೆರೀಬಲ್ಲೆ ಅಂತ ಹೇಳ್ಕೊಂಡಿರೋ ಆ್ಯಪ್‌ಗಳ ಪಟ್ಟಿ ತೆಗ್ದು ಅದ್ರಲ್ಲಿ ಮೊದಲನೇದನ್ನ ಕರ್ಯತ್ತೆ. ಆ ಪಟ್ಟಿ ಒಂದು ಕ್ಯಾಶ್ ಫೈಲ್, ಅಂದ್ರೆ ಬೇಗ ಸಿಗ್ಲಿ ಅಂತ ಮಾಡಿಟ್ಟ ನಕಲು, ಹೊಸ ಆ್ಯಪ್ ಬಂದಾಗೆಲ್ಲ ಮತ್ತೆ ತಯಾರಾಗತ್ತೆ, ಅದ್ರ ಕ್ರಮಕ್ಕೆ ಅರ್ಥ ಅಂತೇನೂ ಇಲ್ಲ. ಚಿಕ್ಕಪ್ಪ ಫೋಟೋದ ಬೆಳಕು ಸರಿ ಮಾಡೋಕೆ ಅಂತ ಒಂದು ಆ್ಯಪ್ ಹಾಕ್ಕೊಂಡಿದ್ರು, ಪಟ್ಟಿ ಮತ್ತೆ ತಯಾರಾಯ್ತು, ಹೊಸಬ ಮುಂದೆ ನಿಂತ್ಕೊಂಡ. ಅಷ್ಟೇ ಆಗಿದ್ದು. ಅವರು ಯಾವತ್ತೂ ಪಿಡಿಎಫ್ ಇದ್ರಲ್ಲೇ ತೆರೀಬೇಕು ಅಂತ ಹೇಳಿರ್ಲಿಲ್ಲ, ಯಾಕಂದ್ರೆ ಹೇಳೋ ಅಗತ್ಯನೇ ಬಿದ್ದಿರ್ಲಿಲ್ಲ, ಸರಿಯಾಗೇ ತೆರ್ಕೊಳ್ತಿತ್ತಲ್ಲ. ಅದು ಆಯ್ಕೆ ಆಗಿರ್ಲಿಲ್ಲ, ಅದೃಷ್ಟ ಆಗಿತ್ತು. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣತ್ತೆ.

ಮತ್ತೆ ನಮ್ ವಿಂಡೋಗೆ ಬರೋಣ. ಹಳೇ ವಿಂಡೋಗಳಲ್ಲಿ ಎರಡು ಜಾತಿ ಇತ್ತು. ಒಂದು ಜಾತಿ ಬಹಳ ಸಣ್ಣದು, ಬ್ರೌಸರ್, ಮೇಲ್, ಫೈಲ್ ಮ್ಯಾನೇಜರ್, ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ವಿಂಡೋ) ಅಂತ ನಾಲ್ಕು ಸಾಲು. ಇನ್ನೊಂದು ಬಹಳ ದೊಡ್ಡದು, ನೂರಾರು ಮೈಮ್ ಟೈಪ್‌ಗಳನ್ನ ಒಂದರ ಕೆಳಗೊಂದು ಸುರಿದಿರೋದು. ಎಕ್ಸ್‌ಎಫ್‌ಸಿಇನಲ್ಲಿ ಬಹಳ ವರ್ಷ ಇವೆರಡೂ ಬೇರೆಬೇರೆ ವಿಂಡೋ ಆಗಿದ್ವು, 2020ರ ಡಿಸೆಂಬರ್‌ನಲ್ಲಿ ಬಂದ 4.16ರಲ್ಲಿ ಒಂದೇ ವಿಂಡೋದ ಎರಡು ಟ್ಯಾಬ್ ಮಾಡಿದ್ರು. ಕೆಡಿಇನಲ್ಲಿ ಡಿಫಾಲ್ಟ್ ಅಪ್ಲಿಕೇಶನ್ಸ್ ಬೇರೆ, ಫೈಲ್ ಅಸೋಸಿಯೇಶನ್ಸ್ ಬೇರೆ. ನಂಗೆ ಎಕ್ಸ್‌ಎಫ್‌ಸಿಇ ಮಾಡಿದ್ದೇ ವಾಸಿ ಅನ್ಸತ್ತೆ, ಕಡೇಪಕ್ಷ ಯಾವ ಬಾಗಿಲು ತಟ್ಬೇಕು ಅಂತ ಗೊಂದಲ ಇಲ್ಲ.

ದೊಡ್ಡ ಪಟ್ಟಿಯಿಂದ ಏನಾಗತ್ತೆ ಅಂತ ನೋಡ್ಬೇಕಾದ್ರೆ ವಿಂಡೋಸ್ 11 ನೆನಪಿಸ್ಕೊಳ್ಳಿ. 2021ರ ಅಕ್ಟೋಬರ್‌ನಲ್ಲಿ ಅದು ಬಂದಾಗ ಬ್ರೌಸರ್ ಬದಲಾಯಿಸ್ಬೇಕು ಅಂದ್ರೆ ಒಂದು ಬಟನ್ ಇರ್ಲಿಲ್ಲ, ಡಾಟ್ ಎಚ್‌ಟಿಎಮ್‌ಗೆ ಒಂದ್ಸಲ, ಡಾಟ್ ಎಚ್‌ಟಿಎಮ್‌ಎಲ್‌ಗೆ ಒಂದ್ಸಲ, ಎಚ್‌ಟಿಟಿಪಿಗೆ, ಎಚ್‌ಟಿಟಿಪಿಎಸ್‌ಗೆ, ಹೀಗೆ ಒಂದೊಂದಕ್ಕೂ ಹೋಗಿ ಬದಲಾಯಿಸ್ಬೇಕಿತ್ತು. ವಿಂಡೋಸ್ 10ರಲ್ಲಿ ವೆಬ್ ಬ್ರೌಸರ್ ಅಂತ ಒಂದೇ ಸಾಲಿತ್ತು, ಅದನ್ನ ತೆಗ್ದು ಹೀಗೆ ಮಾಡಿದ್ರು. ಜನ ಬೈದ್ರು, 2022ರಲ್ಲಿ ಒಂದು ಅಪ್‌ಡೇಟ್‌ನಲ್ಲಿ ಒಂದೇ ಬಟನ್ ವಾಪಸ್ ಬಂತು. ಇಷ್ಟು ಸಣ್ಣ ಸಾಲಿಗೆ ಎಷ್ಟು ಬೆಲೆ ಅಂತ ಅನುಮಾನ ಇದ್ರೆ, ಯುರೋಪಿನ ಕಮಿಷನ್ 2013ರಲ್ಲಿ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಹಾಕ್ತು, ಕಾರಣ ಏನಂದ್ರೆ ಬ್ರೌಸರ್ ಆರಿಸ್ಕೊಳ್ಳಿ ಅಂತ ಕೇಳೋ ಒಂದು ಸ್ಕ್ರೀನ್‌ನ ತೋರಿಸ್ತೀವಿ ಅಂತ ಒಪ್ಕೊಂಡು ಒಂದು ವರ್ಷಕ್ಕಿಂತ ಜಾಸ್ತಿ ಕಾಲ ತೋರಿಸ್ದೇ ಇದ್ದದ್ದು. ಒಂದು ಸ್ಕ್ರೀನ್‌ಗೆ!

ಆಪಲ್‌ನವರದ್ದು ಉಲ್ಟಾ. ಅಲ್ಲಿ ಇದಕ್ಕೊಂದು ವಿಂಡೋನೇ ಇಲ್ಲ. ಬ್ರೌಸರ್ ಆಯ್ಕೆ 2022ರ ಮ್ಯಾಕ್ ಆವೃತ್ತಿ ವೆಂಚುರಾದಿಂದ ಈಚೆಗೆ ಡೆಸ್ಕ್‌ಟಾಪ್ ಅಂಡ್ ಡಾಕ್ ಅನ್ನೋ ಪುಟದ ಕೆಳಗಡೆ ಇದೆ, ಡಾಕ್‌ಗೂ (ಸ್ಕ್ರೀನ್ ಕೆಳಗಿನ ಐಕಾನ್ ಸಾಲು) ಬ್ರೌಸರ್‌ಗೂ ಏನ್ ನೆಂಟಸ್ತಿಕೆ ಅಂತ ದಯವಿಟ್ಟು ನನ್ನನ್ನ ಕೇಳ್ಬೇಡಿ. ಮಿಕ್ಕ ಫೈಲ್‌ಗಳಿಗೆ ಫೈಲ್ ಮೇಲೆ ಹೋಗಿ ಗೆಟ್ ಇನ್ಫೋ ಅಂತ ತೆಗ್ದು ಅಲ್ಲಿ ಆ್ಯಪ್ ಬದಲಾಯಿಸಿ ಎಲ್ಲದಕ್ಕೂ ಅನ್ವಯಿಸು ಅಂತ ಒತ್ತೋದು. ಮೊದ್ಲು ನಗ್ತಿದ್ದೆ ಇದಕ್ಕೆ. ಈಗ ಆ ಎರಡನೇದ್ರಲ್ಲಿ ಒಂದು ಬುದ್ಧಿವಂತಿಕೆ ಇದೆ ಅನ್ಸತ್ತೆ, ಯಾಕೆ ಅಂತ ಆಮೇಲೆ ಹೇಳ್ತೀನಿ. (ಹಳೇ ಮ್ಯಾಕ್‌ನಲ್ಲಿ ಇನ್ನೂ ಮಜಾ ಇತ್ತು, ಪ್ರತಿ ಫೈಲೂ ನಾಲ್ಕು ಅಕ್ಷರದಲ್ಲಿ ತನ್ನನ್ನ ಹುಟ್ಟಿಸಿದ ಪ್ರೋಗ್ರಾಂ ಯಾವುದು ಅಂತ ನೆನಪಿಟ್ಕೊಂಡಿರ್ತಿತ್ತು, ಒಂದೇ ಜಾತಿಯ ಎರಡು ಫೈಲ್ ತಂತಮ್ಮ ತವರುಮನೆಗೆ ಹೋಗಿ ತೆರ್ಕೊಳ್ತಿದ್ವು. 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಅದನ್ನ ಲೆಕ್ಕಕ್ಕೆ ತಗೊಳ್ಳೋದು ನಿಲ್ಲಿಸಿದ್ರು, ಇವತ್ತಿಗೂ ಅದಕ್ಕೆ ಕೊರಗೋರಿದಾರೆ.)

ನಮ್ಮ ಮೊದಲ ಡಿಸೈನ್ ಸುಲಭದ್ದು, ಕಡಿಮೆ ಮಾಡೋದು. ವೆಬ್, ಮೇಲ್, ಹಾಡು, ವಿಡಿಯೋ, ಫೋಟೋ, ಹೀಗೆ ಐದಾರು ಸಾಲು, ಪ್ರತಿ ಸಾಲಿಗೂ ಒಂದು ಡ್ರಾಪ್‌ಡೌನ್. ದೊಡ್ಡ ಪಟ್ಟಿ ಪೂರ್ತಿ ತೆಗ್ದುಬಿಟ್ವಿ. ನೋಡೋಕೆ ಎಷ್ಟು ಚೆಂದ ಇತ್ತು ಅಂದ್ರೆ ಸ್ಕ್ರೀನ್‌ಶಾಟ್ ನೋಡಿದೋರೆಲ್ಲ ಭೇಷ್ ಅಂದ್ರು. ಸ್ಕ್ರೀನ್‌ಶಾಟ್‌ಗೆ ಯಾರೂ ಡಬಲ್ ಕ್ಲಿಕ್ ಮಾಡಲ್ವಲ್ಲ.

ಆ ಚೆಂದದ ಸಾಲು ಸುಳ್ಳು ಹೇಳತ್ತೆ. ಫೋಟೋ ಅಂತ ಒಂದು ಸಾಲು ಅಂದ್ರೆ ಅದ್ರ ಹಿಂದೆ ಜೆಪೆಗ್, ಪಿಎನ್‌ಜಿ, ಗಿಫ್, ವೆಬ್‌ಪಿ, ಟಿಫ್ ಅಂತ ಒಂದು ಗುಂಪೇ ಇರತ್ತೆ, ಆದ್ರೆ ಸಾಲಲ್ಲಿ ತೋರ್ಸೋಕೆ ಜಾಗ ಇರೋದು ಒಂದೇ ಹೆಸರಿಗೆ. ಹಾಗಾದ್ರೆ ಯಾರನ್ನ ನೋಡಿ ಹೆಸರು ತೋರಿಸೋದು? ಗ್ನೋಮ್‌ನವರ ಕೋಡ್ ನೋಡಿದ್ರೆ ಫೋಟೋಗೆ ಜೆಪೆಗ್‌ನ ಪ್ರತಿನಿಧಿ ಮಾಡ್ಕೊಂಡಿದ್ರು, ಹಾಡಿಗೆ ಆಗ್ ವೋರ್ಬಿಸ್ ಅನ್ನೋ ಹಾಡಿನ ಫೈಲ್ ಜಾತಿನ. ಬದಲಾಯಿಸಿದಾಗ ಆ ಆ್ಯಪ್ ತೆರೀಬಲ್ಲೆ ಅಂದಿರೋ ಚಿತ್ರದ ಟೈಪ್‌ಗಳನ್ನೆಲ್ಲ ಅದಕ್ಕೇ ಕೊಟ್ಟುಬಿಡತ್ತೆ, ಸರಿ, ಆದ್ರೆ ತೋರ್ಸೋವಾಗ ಪ್ರತಿನಿಧಿನ ಮಾತ್ರ ಕೇಳತ್ತೆ. ಈಗ ನಿಮ್ಮ ಹಾಡೆಲ್ಲ ಎಂಪಿ3, ಎಂಪಿ3 ಯಾವುದೋ ವಿಡಿಯೋ ಪ್ಲೇಯರ್ ಪಾಲಾಗಿದೆ ಅಂದ್ಕೊಳ್ಳಿ, ನೀವು ಸೆಟ್ಟಿಂಗ್ಸ್‌ಗೆ ಬರ್ತೀರ, ಅಲ್ಲಿ ಹಾಡು ಅನ್ನೋ ಸಾಲಲ್ಲಿ ನಿಮ್ಮ ಇಷ್ಟದ ಪ್ಲೇಯರ್ ಹೆಸರೇ ಇದೆ! ಯಾಕಂದ್ರೆ ಆಗ್ ವೋರ್ಬಿಸ್ ಇನ್ನೂ ಅದರ ಹತ್ರಾನೇ ಇದೆ. ನಿಮ್ಮ ಹತ್ರ ಆ ಜಾತಿಯ ಫೈಲ್ ಒಂದೂ ಇಲ್ದೇ ಇರ್ಬೋದು. ಎಲ್ಲ ಸರಿ ಇದೆ ಅಂತ ವಿಂಡೋ ಹೇಳ್ತಿದೆ, ಕಣ್ಣೆದುರಿಗೆ ಸರಿ ಇಲ್ಲ. ಬಟನ್ ಇಲ್ಲ ಅಂದ್ರೆ ಮನುಷ್ಯ ಹುಡುಕ್ತಾನೆ, ಇರೋದು ಸುಳ್ಳು ಹೇಳಿದ್ರೆ ಅವನು ತನ್ನನ್ನೇ ಅನುಮಾನಿಸ್ಕೊಳ್ತಾನೆ. ನಮ್ ಮೊದಲ ಡಿಸೈನ್‌ನಲ್ಲೂ ಇದೇ ತಪ್ಪು ಹಾಗೇ ಇತ್ತು.

ಎರಡನೇ ಡಿಸೈನ್ ಬಗ್ಗೆ ಜಾಸ್ತಿ ಹೇಳಲ್ಲ, ಮೊದಲನೇದ್ರ ಕೆಳಗೆ "ಇನ್ನಷ್ಟು" ಅಂತ ಬಟನ್ ಹಾಕಿ ದೊಡ್ಡ ಪಟ್ಟಿನ ಅಲ್ಲಿ ಬಚ್ಚಿಟ್ವಿ. ಕಸಾನ ಚಾಪೆ ಕೆಳಗೆ ಗುಡಿಸಿದ ಹಾಗೆ.

ಆಮೇಲೆ ಬುದ್ಧಿ ಬಂತು. ಕೆಲವರನ್ನ ಕೂರಿಸ್ಕೊಂಡು ಪಕ್ಕದಲ್ಲೇ ಕೂತು ನೋಡಿದ್ವಿ. ದೊಡ್ಡ ಅಧ್ಯಯನ ಏನಲ್ಲ, ಪರಿಚಯದೋರೇ ಏಳೆಂಟು ಜನ, ಇದನ್ನ ಎಲ್ಲೂ ಅಂಕಿಅಂಶ ಅಂತ ಹೇಳ್ಕೊಂಡು ಹೋಗ್ಬೇಡಿ. ಅವರಿಗೆ ಡಿಫಾಲ್ಟ್ ಅನ್ನೋ ಪದಾನೇ ಹೇಳ್ಲಿಲ್ಲ, ಈ ಫೋಟೋ ಇನ್ಮೇಲೆ ಯಾವಾಗ್ಲೂ ಆ ಇನ್ನೊಂದು ಪ್ರೋಗ್ರಾಂನಲ್ಲಿ ತೆರ್ಕೊಳ್ಳೋ ಹಾಗೆ ಮಾಡಿ ಅಂದ್ವಿ. ಒಬ್ರೂ ಸೆಟ್ಟಿಂಗ್ಸ್ ಕಡೆ ಹೋಗ್ಲಿಲ್ಲ. ಎಲ್ರೂ ಫೋಟೋ ಮೇಲೆ ರೈಟ್ ಕ್ಲಿಕ್, ಓಪನ್ ವಿತ್, ಅಲ್ಲಿ ಹುಡುಕಿದ್ರು. ಯೋಚನೆ ಮಾಡಿದ್ರೆ ಸಹಜಾನೇ, ಕೈಯಲ್ಲಿ ಫೈಲ್ ಇದೆ, ಕೆಲ್ಸ ಆ ಫೈಲ್‌ದು, ಫೈಲ್ ಬಿಟ್ಟು ಬೇರೆ ಎಲ್ಲೋ ಯಾಕೆ ಹೋಗ್ತಾರೆ. ಮ್ಯಾಕ್‌ನ ಗೆಟ್ ಇನ್ಫೋದಲ್ಲಿ ಬುದ್ಧಿವಂತಿಕೆ ಇದೆ ಅಂದ್ನಲ್ಲ, ಇದೇ ಅದು. ಆಂಡ್ರಾಯ್ಡ್‌ನಲ್ಲೂ ಅಷ್ಟೇ, ತೆರೆಯೋ ಹೊತ್ತಿಗೇ ಈ ಸಲ ಮಾತ್ರಾನಾ ಯಾವಾಗ್ಲೂನಾ ಅಂತ ಕೇಳಿ ಮುಗಿಸ್ತಾರೆ.

ಆಮೇಲೆ ಇನ್ನೊಂದು ಕೆಲ್ಸ ಕೊಟ್ವಿ. ನಾವೇ ಬೇಕಂತ ಪಿಡಿಎಫ್‌ನ ಕೆಡಿಸಿಟ್ಟು ಇದನ್ನ ಮೊದ್ಲಿನ ಹಾಗೆ ಮಾಡಿ ಅಂದ್ವಿ. ಈಗ ಸೆಟ್ಟಿಂಗ್ಸ್‌ಗೆ ಓಡಿದ್ರು, ಎಲ್ರೂ ಅಲ್ಲ, ಜಾಸ್ತಿ ಜನ. ಅಲ್ಲಿ ಹೋಗಿ ಹುಡುಕಿದ್ದೇನು ಗೊತ್ತಾ? ಆ್ಯಪ್ ಹೆಸರಲ್ಲ. ಒಬ್ಬರಿಗಂತೂ ತಾನು ದಿನಾ ಪಿಡಿಎಫ್ ಓದೋ ಪ್ರೋಗ್ರಾಂ ಹೆಸರೇ ಗೊತ್ತಿರ್ಲಿಲ್ಲ, "ಅದೇ ರೀ, ಕೆಂಪು ಐಕಾನು" ಅಂದ್ರು. ಅವರು ಹುಡುಕ್ತಿದ್ದದ್ದು ಮೊದ್ಲಿನ ಹಾಗೆ ಮಾಡು ಅನ್ನೋ ಬಟನ್. ಅದು ಎಲ್ಲೂ ಇರ್ಲಿಲ್ಲ.

ಮೂರನೇ ಡಿಸೈನ್ ಅಲ್ಲಿಂದ ಹುಟ್ಟಿದ್ದು.

ಮೊದಲು ಮಾಡಿದ್ದು, ಪ್ರತಿ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡರಲ್ಲಿ ಒಂದು ಮಾತು. "ನೀವು ಆರಿಸಿದ್ದು", ಇಲ್ಲಾ "ಸಿಸ್ಟಮ್ ಆರಿಸಿದ್ದು". ಚಿಕ್ಕಪ್ಪನ ಕಥೆಗೆ ಇದೇ ಮದ್ದು. ನಿಮ್ಮ ಮೈಮ್‌ಆ್ಯಪ್ಸ್ ಲಿಸ್ಟಲ್ಲಿ ಆ ಟೈಪ್‌ಗೆ ಸಾಲು ಇದ್ರೆ ನೀವು ಆರಿಸಿದ್ದು, ಇಲ್ಲ ಅಂದ್ರೆ ಅಲ್ಲ, ಬರ್ಯೋ ಕೋಡ್ ನಾಲ್ಕು ಸಾಲು. ಆದ್ರೆ ನೋಡೋರಿಗೆ ಒಂದು ನೋಟದಲ್ಲಿ ಗೊತ್ತಾಗತ್ತೆ, ಓ ಇದು ನಾನ್ ಮಾಡಿದ್ದಲ್ಲ, ಇದು ನಾಳೆ ಮತ್ತೆ ಅಲ್ಲಾಡ್ಬೋದು ಅಂತ. ಪಕ್ಕದಲ್ಲಿ "ಇದನ್ನೇ ಖಾಯಂ ಮಾಡು" ಅಂತ ಒಂದು ಬಟನ್, ಒತ್ತಿದ್ರೆ ಈಗ ಇರೋ ಹೆಸರನ್ನೇ ನಿಮ್ಮ ಹೆಸರಲ್ಲಿ ಬರ್ದಿಡತ್ತೆ. ಏನೂ ಬದಲಾಗಲ್ಲ, ಅದೃಷ್ಟ ಆಯ್ಕೆ ಆಗತ್ತೆ, ಅಷ್ಟೇ. (ಇಲ್ಲಿ ಒಬ್ಬರು ಕೈ ಎತ್ತಿ, ನಿಮ್ಮ ಲಿಸ್ಟಲ್ಲಿರೋದೆಲ್ಲ ನೀವೇ ಬರ್ದಿದ್ದು ಅಂತ ಹೇಗೆ ಹೇಳ್ತೀರ, ಬ್ರೌಸರ್ ತಾನೇ ಬಂದು ಬರ್ದಿರ್ಬೋದಲ್ಲ ಅಂದ್ರು. ಸರಿಯಾದ ಮಾತು. ಲಿನಕ್ಸಲ್ಲಿ ಯಾವ ಪ್ರೋಗ್ರಾಂ ಬೇಕಾದ್ರೂ ಆ ಫೈಲಿಗೆ ಬರೀಬೋದು, ಯಾರು ಬರ್ದ್ರು ಯಾವಾಗ ಬರ್ದ್ರು ಅಂತ ದಾಖಲೆ ಇರಲ್ಲ. ವಿಂಡೋಸ್‌ನಲ್ಲಿ 8ನೇ ಆವೃತ್ತಿಯಿಂದ ಯೂಸರ್‌ನ ಆಯ್ಕೆ ಜೊತೆ ಒಂದು ಹ್ಯಾಶ್, ಅಂದ್ರೆ ಲೆಕ್ಕ ಹಾಕಿ ತೆಗ್ದ ಗುರುತು, ಇಡ್ತಾರೆ, ಬೇರೆಯವರು ನೇರವಾಗಿ ರಿಜಿಸ್ಟ್ರಿಗೆ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಡೋ ಜಾಗಕ್ಕೆ, ಬರ್ದ್ರೆ ಹ್ಯಾಶ್ ತಾಳೆಯಾಗಲ್ಲ, ಒಪ್ಪಲ್ಲ. ನಮ್ಮಲ್ಲಿ ಆ ಥರ ಕಾವಲು ಇಲ್ಲ. ಹಾಗಾಗಿ "ನೀವು ಆರಿಸಿದ್ದು" ಅನ್ನೋದು ಕೆಲವು ಸಲ ಸುಳ್ಳಾಗ್ಬೋದು, ಒಪ್ಕೊಳ್ತೀನಿ. ಸುಳ್ಳು ಹೇಳೋ ವಿಂಡೋಗೆ ಇಷ್ಟು ಬೈದು ನಾನೇ ಹೀಗೆ ಮಾಡಿದೀನಿ ಅಂತ ಸಭೆಯಲ್ಲಿ ನಗು.)

ಎರಡನೇದು ಬೆರಕೆ. ಫೋಟೋ ಗುಂಪಲ್ಲಿ ಎಲ್ಲದಕ್ಕೂ ಒಂದೇ ಆ್ಯಪ್ ಇದ್ರೆ ಒಂದೇ ಹೆಸರು. ಇಲ್ಲ ಅಂದ್ರೆ ಜಾಸ್ತಿ ಟೈಪ್ ಯಾವುದ್ರ ಪಾಲಾಗಿದೆಯೋ ಅದ್ರ ಹೆಸರು, ಕೆಳಗೆ "ಪಿಎನ್‌ಜಿ ಮಾತ್ರ ಬೇರೆ ಕಡೆ ತೆರ್ಕೊಳ್ಳತ್ತೆ" ಅಂತ. ಒತ್ತಿದ್ರೆ ಆ ಬೇರೆಯಾಗಿರೋದು ಮಾತ್ರ ತೆರ್ಕೊಳ್ಳತ್ತೆ, ಇಡೀ ಗುಂಪಲ್ಲ. ಒಂದೇ ಆ್ಯಪ್ ಇರೋ ಕೆಲ್ಸಕ್ಕೆ ಡ್ರಾಪ್‌ಡೌನೇ ತೋರಿಸಲ್ಲ, ಆರಿಸೋಕೆ ಇಲ್ದಿದ್ಮೇಲೆ ಬಾಣದ ಗುರುತು ಯಾಕೆ.

ಇಲ್ಲಿ ಒಂದು ಜಗಳ ಆಯ್ತು, ಇನ್ನೂ ಮುಗ್ದಿಲ್ಲ. ನಮ್ ಜೊತೆ ಒಬ್ಬ ಡಿಸೈನರ್ ಇದಾರೆ, ಎಸ್‌ವಿಜಿ ಫೈಲ್ (ಗೆರೆ, ಆಕಾರಗಳಾಗಿ ಬರ್ದಿಟ್ಟ ಚಿತ್ರ) ಅಂದ್ರೆ ಅವರಿಗೆ ತಿದ್ದೋ ವಸ್ತು. ನಂಗೆ ನೋಡೋ ವಸ್ತು. ಅದು ಫೋಟೋ ಗುಂಪಿಗೆ ಸೇರ್ಬೇಕಾ ಬೇಡ್ವಾ? ವಾದ ಮಾಡ್ತಾ ಮಾಡ್ತಾ ಗೊತ್ತಾಗಿದ್ದು, ಇದು ಎಸ್‌ವಿಜಿ ಪ್ರಶ್ನೆನೇ ಅಲ್ಲ. ನೋಡೋದು ಒಂದು ಕೆಲ್ಸ, ತಿದ್ದೋದು ಇನ್ನೊಂದು ಕೆಲ್ಸ, ಆದ್ರೆ ಡಬಲ್ ಕ್ಲಿಕ್ ಇರೋದು ಒಂದೇ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಬಹಳ ಹಿಂದಿಂದ ಓಪನ್ ಬೇರೆ, ಎಡಿಟ್ ಬೇರೆ, ಪ್ರಿಂಟ್ ಬೇರೆ ಅಂತ ಒಂದೇ ಜಾತಿಯ ಫೈಲಿಗೆ ಮೂರು ಕ್ರಿಯಾಪದ ಇಡ್ಬೋದು. ನಮ್ಮ ಮೈಮ್‌ಆ್ಯಪ್ಸ್ ಲಿಸ್ಟಲ್ಲಿ ಕ್ರಿಯಾಪದ ಒಂದೇ, ತೆರೆ. ಇದನ್ನ ವಿಂಡೋ ಬದಲಾಯಿಸಿ ಸರಿ ಮಾಡೋಕಾಗಲ್ಲ, ಕೆಳಗಿನ ಸ್ಟ್ಯಾಂಡರ್ಡೇ ಬದಲಾಗ್ಬೇಕು. ಸದ್ಯಕ್ಕೆ ಎಸ್‌ವಿಜಿನ ಗುಂಪಿಂದ ಆಚೆ ಇಟ್ಟಿದೀವಿ, ಡಿಸೈನರ್ ಗೆದ್ರು.

ಮೂರನೇದು ನಂಗೆ ಬಹಳ ಇಷ್ಟ ಆಗಿದ್ದು. ದೊಡ್ಡ ಪಟ್ಟಿ ಪೂರ್ತಿ ತೆಗ್ದು ಅದ್ರ ಜಾಗದಲ್ಲಿ ಒಂದು ಖಾಲಿ ಚೌಕ ಇಟ್ವಿ, "ಸರಿಯಾಗಿ ತೆರೀದೇ ಇರೋ ಫೈಲ್‌ನ ಇಲ್ಲಿ ತಂದು ಹಾಕಿ" ಅಂತ. ಜನಕ್ಕೆ ಟೈಪ್ ಗೊತ್ತಿರಲ್ಲ ಆದ್ರೆ ಫೈಲ್ ಕೈಯಲ್ಲೇ ಇರತ್ತಲ್ಲ. ಎಳ್ದು ತಂದು ಹಾಕಿದ್ರೆ ಅದು ಹೇಳತ್ತೆ, ಇದು ಇಂಥಾ ಫೈಲ್, ಈಗ ಇದ್ರಲ್ಲಿ ತೆರ್ಕೊಳ್ಳತ್ತೆ, ಯಾಕಂದ್ರೆ ನೀವು ಆರಿಸಿದ್ದು ಅಥವಾ ಸಿಸ್ಟಮ್ ಆರಿಸಿದ್ದು, ಬೇರೆ ಇವಿವೆ, ಬದಲಾಯಿಸ್ಬೇಕಾ. ಇದ್ರಿಂದ ನಾವು ಅಂದ್ಕೊಂಡಿರದ ಲಾಭ ಒಂದಾಯ್ತು. ಡಾಕ್ಸ್ ಫೈಲ್, ಅಂದ್ರೆ ವರ್ಡ್ ಡಾಕ್ಯುಮೆಂಟ್, ಒತ್ತಿದ್ರೆ ಒಂದು ರಾಶಿ ಎಕ್ಸ್‌ಎಮ್‌ಎಲ್ ಫೈಲ್ ಕಾಣತ್ತೆ ಅನ್ನೋ ದೂರು ಕೇಳಿರ್ತೀರ. ಡಾಕ್ಸ್ ಅನ್ನೋದು ಒಳಗಡೆ ನಿಜಕ್ಕೂ ಒಂದು ಜಿಪ್, ಟೈಪ್‌ಗಳ ವಂಶವೃಕ್ಷದಲ್ಲಿ ಅದು ಜಿಪ್‌ನ ಮಗು, ಹಾಗಾಗಿ ಆಫೀಸ್ ಪ್ರೋಗ್ರಾಂ ಒಂದೂ ಇಲ್ಲ ಅಂದ್ರೆ ಸಿಸ್ಟಮ್ ಅಪ್ಪನ ಮನೆಗೆ ಕಳ್ಸತ್ತೆ, ಅಲ್ಲಿ ಜಿಪ್ ಬಿಚ್ಚೋನು ಕೂತಿರ್ತಾನೆ, ಬಿಚ್ಚಿ ತೋರಿಸ್ತಾನೆ. ಈಗ ನಮ್ ಚೌಕ ಅದನ್ನೇ ಹೇಳತ್ತೆ: ಇದನ್ನ ತೆರೆಯೋಕಂತಲೇ ಇರೋ ಪ್ರೋಗ್ರಾಂ ಯಾವುದೂ ಇಲ್ಲ, ಹಾಗಾಗಿ ಜಿಪ್ ಥರ ತೆರೀತಿದೀನಿ. ಇದು ಡಿಫಾಲ್ಟ್ ಸಮಸ್ಯೆನೇ ಅಲ್ಲ, ಪ್ರೋಗ್ರಾಂ ಹಾಕಿಲ್ದಿರೋ ಸಮಸ್ಯೆ.

ಮೊದ್ಲಿನ ಹಾಗೆ ಮಾಡು ಬಟನ್ ಬಗ್ಗೆ. ಇದು ಹೇಳೋಕೆ ಸುಲಭ ಮಾಡೋಕೆ ಕಷ್ಟ, ಯಾಕಂದ್ರೆ ಮೊದ್ಲು ಅಂದ್ರೆ ಯಾವಾಗ? ನಿನ್ನೆನಾ, ಸಿಸ್ಟಮ್ ಹಾಕಿದ ದಿನಾನಾ? ಲಿಸ್ಟ್ ಫೈಲ್‌ಗೆ ನೆನಪಿಲ್ಲ, ಈಗಿನದ್ದು ಮಾತ್ರ ಗೊತ್ತು. ಜಿಲಿಬ್‌ನಲ್ಲಿ (ಗ್ನೋಮ್ ಪ್ರೋಗ್ರಾಂಗಳು ಬಳಸೋ ಕೋಡ್ ಸಂಗ್ರಹ) ಒಂದು ಟೈಪ್‌ನ ಅಸೋಸಿಯೇಶನ್ ರೀಸೆಟ್ ಮಾಡೋ ಫಂಕ್ಷನ್ ಮೊದ್ಲಿಂದಾನೇ ಇದೆ, ಅದು ನಿಮ್ಮ ಸಾಲುಗಳನ್ನ ಅಳಿಸತ್ತೆ, ಆಮೇಲೆ ಡಿಸ್ಟ್ರೋದವರು ಇಟ್ಟದ್ದೇ ವಾಪಸ್ ಬರತ್ತೆ. ಆದ್ರೆ ಚಿಕ್ಕಪ್ಪನ ಥರದ ಕೇಸಲ್ಲಿ ಅಳಿಸೋಕೆ ಸಾಲೇ ಇಲ್ವಲ್ಲ. ಹಾಗಾಗಿ ನಾವೇ ಒಂದು ಸಣ್ಣ ಡೈರಿ ಇಟ್ವಿ, ಲಾಗಿನ್ ಆದಾಗ ವಿಂಡೋದಲ್ಲಿರೋ ಸಾಲುಗಳಿಗೆ ಉತ್ತರ ಏನು ಅಂತ ಬರ್ಕೊಳ್ಳತ್ತೆ, ಹಿಂದಿನ ಸಲಕ್ಕಿಂತ ಬದಲಾಗಿದ್ರೆ ಆ ಸಾಲಿನ ಮೇಲೆ ಒಂದು ಚುಕ್ಕೆ, ಪಕ್ಕದಲ್ಲಿ ಹಳೇ ಹೆಸರು, ಒತ್ತಿದ್ರೆ ಅದು ವಾಪಸ್. ಕೆಂಪು ಐಕಾನ್‌ನವರಿಗೆ ಇದನ್ನ ತೋರಿಸ್ದಾಗ ಹೆಸರು ಓದ್ಲೇ ಇಲ್ಲ, ಐಕಾನ್ ನೋಡಿ ಒತ್ತಿದ್ರು, ಎದ್ದು ಹೋದ್ರು.

ಪದಗಳ ಬಗ್ಗೆ ಒಂದೇ ಮಾತು. ಕನ್ನಡ ಅನುವಾದದಲ್ಲಿ ಡಿಫಾಲ್ಟ್‌ಗೆ ಪೂರ್ವನಿಯೋಜಿತ ಅಂತ ನೋಡಿರ್ತೀರ. ತಪ್ಪಿಲ್ಲ, ಆದ್ರೆ ಪೂರ್ವನಿಯೋಜಿತ ಅಂದ್ರೆ ಯಾರೋ ಮೊದ್ಲೇ ನಿಗದಿ ಮಾಡಿಟ್ಟಿದ್ದು, ವಿಧಿಲಿಖಿತದ ಥರ ಕೇಳ್ಸತ್ತೆ, ಬದಲಾಯಿಸೋಕೆ ಬಂದಿರೋರಿಗೆ ಅದು ಬದಲಾಗದ ವಸ್ತು ಅನ್ಸತ್ತೆ. ನಾವು ವಿಂಡೋ ತಲೆ ಮೇಲೆ "ಯಾವುದು ಯಾವುದ್ರಲ್ಲಿ ತೆರೀಬೇಕು" ಅಂತ ಹಾಕಿ ನೋಡಿದ್ವಿ. ಹಳಬರು ಮುಖ ಸಿಂಡರಿಸಿದ್ರು, ಹೊಸಬರು ಏನೂ ಕೇಳ್ದೇ ಕೆಲ್ಸ ಮಾಡಿದ್ರು. ಹುಡುಕೋ ಬಾಕ್ಸಲ್ಲಿ ಡಿಫಾಲ್ಟ್ ಅಂತ ಟೈಪ್ ಮಾಡಿದ್ರೂ ಇದೇ ಸಿಗೋ ಹಾಗಿದೆ, ಹಾಗಾಗಿ ಹಳಬರಿಗೂ ನಷ್ಟ ಇಲ್ಲ.

ಇನ್ನೂ ಆಗ್ದೇ ಇರೋದು ಏನು ಅಂದ್ರೆ ಫ್ಲಾಟ್‌ಪ್ಯಾಕ್, ಆ್ಯಪ್‌ನ ಸಿಸ್ಟಮ್‌ನಿಂದ ಬೇರೆಯಾಗಿ ಒಂದು ಡಬ್ಬಿಯಲ್ಲಿಟ್ಟು ಓಡಿಸೋ ವ್ಯವಸ್ಥೆ. ಅದ್ರೊಳಗಿನ ಆ್ಯಪ್ ಒಂದು ಫೈಲ್ ತೆರೀಬೇಕಾದ್ರೆ ಪೋರ್ಟಲ್ ಅನ್ನೋ ಮಧ್ಯವರ್ತಿ ಮೂಲಕ ಕೇಳತ್ತೆ, ಪೋರ್ಟಲ್ ನಿಮ್ಮನ್ನ ಕೇಳತ್ತೆ, ನೀವು ಕೆಲವು ಸಲ ಒಂದನ್ನೇ ಆರಿಸಿದ್ರೆ ಆಮೇಲೆ ಕೇಳೋದನ್ನ ನಿಲ್ಸಿ ಅದನ್ನೇ ಕರ್ಯತ್ತೆ. ಒಳ್ಳೇದೇ, ಆದ್ರೆ ಆ ನೆನಪು ಮೈಮ್‌ಆ್ಯಪ್ಸ್ ಲಿಸ್ಟಲ್ಲಿ ಇಲ್ಲ, ಬೇರೆ ಒಂದು ಪರ್ಮಿಷನ್ ಸ್ಟೋರ್‌ನಲ್ಲಿದೆ. ಹಾಗಾಗಿ ನಮ್ ವಿಂಡೋ ಒಂದು ಹೇಳತ್ತೆ, ಅಲ್ಲಿ ಇನ್ನೊಂದು ಆಗತ್ತೆ. ಇದನ್ನ ಚೌಕದ ಉತ್ತರದಲ್ಲಿ ಸೇರಿಸ್ಬೇಕು, ಹೇಗೆ ಬರ್ದ್ರೆ ಅರ್ಥ ಆಗತ್ತೆ ಅಂತ ಇನ್ನೂ ಹೊಳ್ದಿಲ್ಲ.

ಕೊನೇಲಿ ಪ್ರಶ್ನೆಗೆ ಐದೇ ನಿಮಿಷ ಉಳ್ದಿತ್ತು.

ಹಿಂದಿನ ಸಾಲಲ್ಲಿದ್ದ ಒಬ್ಬ ಹುಡುಗಿ, "ಸರ್, ಹೋದ ವಾರದಿಂದ ನನ್ನ ಫೋಲ್ಡರ್‌ಗಳೆಲ್ಲ ಕೋಡ್ ಎಡಿಟರ್‌ನಲ್ಲಿ ತೆರ್ಕೊಳ್ತಿವೆ, ಡೌನ್‌ಲೋಡ್ ಆದ್ಮೇಲೆ ಬ್ರೌಸರ್‌ನಲ್ಲಿ ಫೋಲ್ಡರ್ ತೋರ್ಸು ಅಂತ ಒತ್ತಿದ್ರೂ ಎಡಿಟರೇ ಬರತ್ತೆ, ನಾನೇನೂ ಮುಟ್ಟಿಲ್ಲ" ಅಂದ್ರು. ಮುಟ್ಟಿಲ್ಲ ಅಂತ ನಂಬ್ತೀನಿ ಅಂದೆ. ಫೋಲ್ಡರ್‌ಗೂ ಒಂದು ಮೈಮ್ ಟೈಪ್ ಇದೆ, ಐನೋಡ್ ಸ್ಲ್ಯಾಶ್ ಡೈರೆಕ್ಟರಿ ಅಂತ, ಎಡಿಟರ್ ಫೋಲ್ಡರ್‌ನ ಪ್ರಾಜೆಕ್ಟ್ ಥರ ತೆರೀಬಲ್ಲೆ ಅಂತ ಹೇಳ್ಕೊಂಡಿರತ್ತೆ, ನಿಮ್ಮ ಲಿಸ್ಟಲ್ಲಿ ಅದಕ್ಕೆ ಸಾಲಿಲ್ಲ, ಪಟ್ಟಿ ಮತ್ತೆ ತಯಾರಾದಾಗ ಅದು ಮುಂದೆ ಬಂದಿದೆ. ಟರ್ಮಿನಲ್‌ನಲ್ಲಿ ಎಕ್ಸ್‌ಡಿಜಿ-ಮೈಮ್ ಡಿಫಾಲ್ಟ್ ಅಂತ ಹೊಡ್ದು ನಿಮ್ಮ ಫೈಲ್ ಮ್ಯಾನೇಜರ್‌ನ ಡಾಟ್ ಡೆಸ್ಕ್‌ಟಾಪ್ ಫೈಲ್ ಹೆಸರು, ಆಮೇಲೆ ಆ ಟೈಪ್ ಹೆಸರು ಕೊಡಿ ಅಂದೆ. ಅಲ್ಲೇ ಲ್ಯಾಪ್‌ಟಾಪ್ ತೆಗ್ದು ಹೊಡ್ದ್ರು, ಸರಿ ಹೋಯ್ತು.

ಪಕ್ಕದಲ್ಲಿದ್ದವರು, ಹಾಗಾದ್ರೆ ಡಿಫಾಲ್ಟ್ ಟರ್ಮಿನಲ್ ಹೇಗೆ ಬದಲಾಯಿಸೋದು ಅಂತ ಕೇಳಿದ್ರು. ಟರ್ಮಿನಲ್ ಯಾವ ಫೈಲನ್ನೂ ತೆರೆಯಲ್ಲ, ಹಾಗಾಗಿ ಅದಕ್ಕೆ ಮೈಮ್ ಟೈಪೇ ಇಲ್ಲ, ಡೆಬಿಯನ್ ಅನ್ನೋ ಡಿಸ್ಟ್ರೋದಲ್ಲಿ ಒಂದು ದಾರಿ, ಒಂದೊಂದು ಡೆಸ್ಕ್‌ಟಾಪ್‌ನಲ್ಲಿ ಒಂದೊಂದು ದಾರಿ ಅಂತ ಶುರು ಮಾಡ್ದೆ, ಅಷ್ಟ್ರಲ್ಲಿ ಮುಂದಿನ ಸ್ಪೀಕರ್ ವೈರ್ ಹಿಡ್ಕೊಂಡು ಬಂದು ನಿಂತಿದ್ರು.